ಮೂರು ಸಾವಿರ ಎಳೆತದ ಸವತಿ

ಡೆಲ್ಫೀನ್ ಗ್ಯಾಸ್ಕಿನ್ಸ್ ತನ್ನ ಗಂಡನ ಕುದುರೆಯ ಮೇಲೂ ಹೊಟ್ಟೆಕಿಚ್ಚು ಪಟ್ಟವಳು. ಇದನ್ನು ಮೊದಲೇ ಹೇಳಿಬಿಟ್ಟರೆ ಅವಳು ಎಂಥ ಹೆಂಗಸು ಎಂಬುದು ಅರ್ಧ ತಿಳಿದಂತೆ. ಅವಳ ಗಂಡ ಲಿನ್‌ವುಡ್ ಬಾಲ್ಟಿಮೋರಿನ ಪೂರ್ವದ ಬೀದಿಗಳಲ್ಲಿ ಕುದುರೆಗಾಡಿಯಲ್ಲಿ ಹಣ್ಣು, ಸೊಪ್ಪು ಹೇರಿಕೊಂಡು ರಾಗವಾಗಿ ಕೂಗುತ್ತ ಮಾರುತ್ತಿದ್ದ. ಗಾಡಿಗೆ ಕಟ್ಟಿದ್ದು ಪರ್ಲೀನ್ ಎಂಬ ಹೆಣ್ಣು ಕುದುರೆ. ಬೇಸಿಗೆ ಬಂತೆಂದರೆ ಹುಲ್ಲಿನ ಟೋಪಿಯೊಂದಕ್ಕೆ ಕಿವಿ ತೂರಲು ಎರಡು ತೂತು ಮಾಡಿ ಅದರ ತಲೆಗಿಡುತ್ತಿದ್ದ. ದಿನದ ಮೊದಲ ಪೀಚ್ ಹಣ್ಣು ಅದರ ಬಾಯಿಗೇ ಹೋಗುತ್ತಿತ್ತು. ಡೆಲ್ಫೀನ್ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ನನಗೊಂದು ಟೋಪಿ ಕೊಡಿಸಿ ಎಷ್ಟು ವರ್ಷವಾಯಿತು ಎಂದು ಬೀದಿಗೆಲ್ಲ ಕೇಳುವಂತೆ ಕೇಳಿದ್ದಳು. ಆಗ ಅವರ ಮದುವೆಯಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ.

ನಾನು ಒಜೆಲಾ. ಅವಳ ಮನೆಯಿಂದ ಎರಡು ಬಾಗಿಲು ಆಚೆಗೆ ನನ್ನ ಮನೆ. ನಮ್ಮ ಬೀದಿಯ ಮನೆಗಳೆಲ್ಲ ಒಂದರ ಗೋಡೆಗೊಂದು ಅಂಟಿಕೊಂಡಿವೆ, ಹಾಗಾಗಿ ಪಕ್ಕದ ಮನೆಯ ಜಗಳ ಕೇಳಿಸಿಕೊಳ್ಳಲು ಕಿವಿಗೊಡಬೇಕಾದ ಕಷ್ಟವಿಲ್ಲ. ಪ್ರತಿ ಮನೆಯ ಮುಂದೆಯೂ ಬಿಳಿ ಅಮೃತಶಿಲೆಯ ಮೂರು ಮೆಟ್ಟಿಲು. ಶನಿವಾರ ಬೆಳಿಗ್ಗೆ ಹೆಂಗಸರೆಲ್ಲ ಮೊಣಕಾಲೂರಿ, ಉಜ್ಜುಕಲ್ಲು ಹಿಡಿದು ಆ ಮೆಟ್ಟಿಲು ತಿಕ್ಕುತ್ತೇವೆ. ಯಾರ ಮೆಟ್ಟಿಲು ಎಷ್ಟು ಬೆಳ್ಳಗಿದೆ ಎಂಬುದರಲ್ಲಿ ನಮ್ಮಲ್ಲಿ ಎಷ್ಟು ಮತ್ಸರವಿದೆಯೆಂದರೆ, ಚರ್ಚಿನಲ್ಲಿ ಪಕ್ಕದಲ್ಲೇ ಕೂತು ಹಾಡುವ ಹೆಂಗಸು ಕೂಡ ಉಜ್ಜುಕಲ್ಲನ್ನು ಎಲ್ಲಿ ಕೊಂಡೆ ಎಂದು ಹೇಳುವುದಿಲ್ಲ. ನನಗೆ ಮದುವೆ ಏಕೆ ಆಗಲಿಲ್ಲ ಎಂದು ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟಿದ್ದೇನೆ, ಈಗ ಯಾವುದು ನಿಜ ಎಂದು ನನಗೇ ಗೊಂದಲ.

ಡೆಲ್ಫೀನ್ ಮಾರುಕಟ್ಟೆಯಲ್ಲಿ ಮೀನು ಕರಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮೀನಿಗೆ ಜೋಳದ ಹಿಟ್ಟು ಹಚ್ಚಿ, ಕುದಿಯುವ ಎಣ್ಣೆಗೆ ಬಿಟ್ಟು, ಬ್ರೆಡ್ಡಿನ ಮೇಲಿಟ್ಟು ಖಾರದ ರಸ ಸುರಿದು ಕೊಡುವುದು. ಕೈ ತುಂಬ ಎಣ್ಣೆ ಸಿಡಿದ ಕಲೆಗಳು. ಬಾಯಿಯಂತೂ ಎಣ್ಣೆಗಿಂತ ಬಿಸಿ. ಸೊಪ್ಪು ಕೊಳ್ಳಲು ಬರುವ ಹೆಂಗಸರಲ್ಲಿ ಯಾರು ಲಿನ್‌ವುಡ್‌ನನ್ನು ನೋಡಿ ಅಗತ್ಯಕ್ಕಿಂತ ಹೆಚ್ಚು ಹಲ್ಲು ಬಿಟ್ಟರು, ಚರ್ಚಿನ ಹಾಡುಗಾರ್ತಿಯರಲ್ಲಿ ಯಾರು ಅವನ ಬೆನ್ನು ತಟ್ಟಿದರು, ಎಲ್ಲ ಅವಳ ತಲೆಯಲ್ಲಿ ದಿನಾಂಕ ಸಮೇತ ಇರುತ್ತಿತ್ತು. ತಪ್ಪು ಅವಳೊಬ್ಬಳದೇ ಅಲ್ಲ ಎನ್ನಿ. ಲಿನ್‌ವುಡ್ ಚೆಲುವ. ಅವನು ಬೀದಿಯ ಮೂಲೆ ತಿರುಗಿ ಕಲ್ಲಂಗಡಿ ಬಂತೆಂದು ಕೂಗಿದರೆ, ಕಲ್ಲಂಗಡಿ ಬೇಡದವರೂ ಕಿಟಕಿ ತೆರೆಯುತ್ತಿದ್ದರು. ಅವರಲ್ಲಿ ನಾನೂ ಇದ್ದೆ. ಡೆಲ್ಫೀನ್ ಈ ಬೀದಿಗೆ ಕಾಲಿಡುವ ಮೊದಲು ಒಂದು ವಸಂತದಲ್ಲಿ ಅವನು ನನ್ನನ್ನು ಎರಡು ಸಲ ಡಾನ್ಸಿಗೆ ಕರೆದುಕೊಂಡು ಹೋಗಿದ್ದ. ಮೂರನೆಯ ಸಲ ಕರೆಯಲಿಲ್ಲ.

ಸಾವಿರದ ಒಂಬೈನೂರ ಎಪ್ಪತ್ತೈದರಲ್ಲಿ ಲಿನ್‌ವುಡ್ ಮನೆಗೆ ತಡವಾಗಿ ಬರತೊಡಗಿದ. ಮೈಗೆ ಊಟ ಹತ್ತುತ್ತಿರಲಿಲ್ಲ. ಅವಳಾಡುವ ಮಾತಿಗೆ ಎದುರುತ್ತರ ಕೊಡುವುದನ್ನೂ ಬಿಟ್ಟ. ಎರಡು ಬೀದಿ ಆಚೆಯ ವಿಧವೆಯೊಬ್ಬಳು ದಿನಾ ಸೊಪ್ಪು ಕೊಳ್ಳುತ್ತಿದ್ದುದು ಡೆಲ್ಫೀನಳ ಕಣ್ಣಿಗೆ ಬಿದ್ದಿತ್ತು. ಒಬ್ಬಳೇ ಇರುವವಳಿಗೆ ಅಷ್ಟು ಸೊಪ್ಪು ಯಾಕೆ ಎಂದು ಲೆಕ್ಕ ಹಾಕಿದಳು. ಒಂದು ಮಧ್ಯಾಹ್ನ ಅಂಗಡಿಯ ಏಪ್ರನ್ನು ಬಿಚ್ಚದೆ ಅವನ ಹಿಂದೆಯೇ ಹೋದಳು. ಅವನು ವಿಧವೆಯ ಮನೆ ದಾಟಿ ಕುದುರೆ ಲಾಯಕ್ಕೆ ಹೋದ. ಇವಳು ಬಾಗಿಲ ಸಂದಿಯಿಂದ ನೋಡಿದಾಗ ಅವನು ಮೇವಿನ ಮೂಟೆಗೆ ಒರಗಿ ಕೂತು, ತೋಳು ಮಡಿಚಿ, ಸೂಜಿ ಚುಚ್ಚಿಕೊಳ್ಳುತ್ತಿದ್ದ. ಅಂದು ಸಂಜೆ ನನ್ನ ಮೆಟ್ಟಿಲ ಮೇಲೆ ಕೂತು ಅವಳು ಆಡಿದ ಮಾತು ಇದು:

"ಹೆಂಗಸಾಗಿದ್ರೆ ಜುಟ್ಟು ಹಿಡಿದು ಎಳೀತಿದ್ದೆ ಕಣೇ ಒಜೆಲಾ. ಇದಕ್ಕೆ ಜುಟ್ಟೇ ಇಲ್ಲ."

ಅಂದಿನಿಂದ ಹೆರಾಯಿನ್ ಅವಳ ಬಾಯಲ್ಲಿ 'ಅವಳು' ಆಯಿತು. ಅವನ ಕಣ್ಣಪಾಪೆ ಸಾಸಿವೆಯಷ್ಟಾಗಿದ್ದರೆ 'ಅವಳ ಮನೆಗೆ ಹೋಗಿ ಬಂದಿದಾನೆ' ಎನ್ನುತ್ತಿದ್ದಳು. ಕೋಟಿನ ಜೇಬು ತಡಕುವುದು, ತೋಳು ತಿರುಗಿಸಿ ನೋಡುವುದು, ಸ್ನಾನದ ಕೋಣೆಯ ಬಾಗಿಲಿಗೆ ಕಿವಿ ಹಚ್ಚುವುದು, ಇದು ಹನ್ನೆರಡು ವರ್ಷ ನಡೆಯಿತು. ಕುದುರೆ ಹೋಯಿತು, ಗಾಡಿ ಹೋಯಿತು. ಅವನು ನಾಲ್ಕು ಸಲ ಚಟ ಬಿಡಿಸುವ ಆಸ್ಪತ್ರೆಗೆ ಸೇರಿದ, ನಾಲ್ಕು ಸಲ ಬಂದು ಮತ್ತೆ ಸೂಜಿ ಹಿಡಿದ. ಪ್ರತಿ ಸಲವೂ ಅವಳು ತನ್ನ ಸವತಿ ಗೆದ್ದಳೆಂದು ಎದೆ ಬಡಿದುಕೊಂಡಳೇ ಹೊರತು, ಅವನಿಗೆ ಕಾಯಿಲೆ ಎಂದು ಒಮ್ಮೆಯೂ ಒಪ್ಪಲಿಲ್ಲ.

ಎಂಬತ್ತೇಳರ ಮಾರ್ಚಿನಲ್ಲಿ ಅವನು ಆಸ್ಪತ್ರೆಯಲ್ಲಿ ನಾನು ಕೆಲಸ ಮಾಡುವ, ಚಟದವರ ವಾರ್ಡಿಗೆ ಬಂದ. ಏಳು ವಾರ ಅಲ್ಲೇ ಇರುವ ಒಪ್ಪಂದ. ಕೊನೆಯ ಎರಡು ವಾರ ಮದ್ದನ್ನು ಮೆಲ್ಲಗೆ ಇಳಿಸಿ ಪೂರ್ತಿ ಬಿಡಿಸಿ ಕಳಿಸುತ್ತಾರೆ. ಇದೇ ಕೊನೆಯ ಸಲ ಎಂದು ಡೆಲ್ಫೀನ್ ಅವನಿಗೆ ಮುಖಕ್ಕೇ ಹೇಳಿದ್ದಳು. ಬಿಡುಗಡೆಯ ದಿನ ಅವನು ತನ್ನ ಮನೆಗೆ ಬರುವುದೋ, ಊರಾಚೆ ಅವನ ತಮ್ಮನ ಮನೆಗೆ ಹೋಗುವುದೋ, ಅದನ್ನು ಈ ಏಳು ವಾರದಲ್ಲಿ ತಾನು ತೀರ್ಮಾನಿಸುತ್ತೇನೆ ಎಂದಿದ್ದಳು. ತಮ್ಮನ ಮನೆಯ ಮೆಟ್ಟಿಲಲ್ಲೇ ಪುಡಿ ಮಾರುವವರು ಕೂರುತ್ತಾರೆ. ಅಲ್ಲಿಗೆ ಹೋದರೆ ಅವನ ಕಥೆ ಒಂದು ವಾರವೂ ಇಲ್ಲ ಎಂಬುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ನಮ್ಮ ವಾರ್ಡು ಚಿಕಿತ್ಸೆಯದಕ್ಕಿಂತ ಹೆಚ್ಚಾಗಿ ಅಳತೆಯದು. ಮದ್ದಿನ ಆಸೆ ಒಬ್ಬ ಮನುಷ್ಯನಲ್ಲಿ ಎಷ್ಟಿದೆ ಎಂದು ಅಳೆಯಬೇಕು. ಬಾಯಲ್ಲಿ ಕೇಳಿದರೆ ಎಲ್ಲರೂ ಸುಳ್ಳು ಹೇಳುತ್ತಾರೆ, ಕೆಲವರು ತಮಗೆ ತಾವೇ ಹೇಳಿಕೊಳ್ಳುತ್ತಾರೆ. ಅದಕ್ಕೇ ಡಾಕ್ಟರ್ ವೈನ್‌ರಿಚ್ ಒಂದು ಚಿಕ್ಕ ಕೋಣೆಯಲ್ಲಿ ಗೋಡೆಗೆ ಕಬ್ಬಿಣದ ಹಿಡಿಕೆ ಕೂರಿಸಿದ್ದರು. ಪ್ರತಿ ಸೋಮವಾರ ಹೊಸ ಬಾಟಲಿಯಿಂದ ಒಂದು ಇಂಜೆಕ್ಷನ್ ಸುಮ್ಮನೆ ಕೊಡುತ್ತಿದ್ದರು. ಬಾಟಲಿಯ ಮೇಲೆ ಬರೀ ಒಂದು ಅಕ್ಷರ. ಒಳಗಿರುವುದು ಹೆರಾಯಿನ್ ಜಾತಿಯ ಗಟ್ಟಿ ಮದ್ದೋ, ತೆಳುವೋ, ಬರೀ ಉಪ್ಪುನೀರೋ, ರೋಗಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಆ ವಾರದ ಉಳಿದ ದಿನಗಳಲ್ಲಿ ಅದೇ ಬಾಟಲಿಯ ಇಂಜೆಕ್ಷನ್ ಬೇಕಾದರೆ ಮುಕ್ಕಾಲು ಗಂಟೆಯೊಳಗೆ ಹಿಡಿಕೆಯನ್ನು ಮೂರು ಸಾವಿರ ಸಲ ಎಳೆಯಬೇಕು. ಬೇಡವೆನಿಸಿದಾಗ ಎದ್ದು ಹೋಗಬಹುದು, ಯಾರೂ ಬೈಯುವುದಿಲ್ಲ. ಎಷ್ಟು ಎಳೆದು ಎದ್ದ ಎನ್ನುವುದೇ ಅಳತೆ. ಇಂಜೆಕ್ಷನ್ ಆದ ಮೇಲೆ ಒಂದು ಕಾಗದ ಕೊಡುತ್ತೇವೆ. ಅದರಲ್ಲಿ ಒಂದು ಉದ್ದ ಗೆರೆ. ಎಡತುದಿಯೆಂದರೆ ಸ್ವಲ್ಪವೂ ಇಷ್ಟವಾಗಲಿಲ್ಲ, ಬಲತುದಿಯೆಂದರೆ ಇದಕ್ಕಿಂತ ಇಷ್ಟ ಇನ್ನಿಲ್ಲ. ನಡುವೆ ಎಲ್ಲಾದರೂ ಪೆನ್ಸಿಲಿನಿಂದ ಒಂದು ಗುರುತು ಹಾಕಬೇಕು. ಕಾಗದ ಕೊಡುವುದು, ಹಣ್ಣಿನ ರಸ ಕೊಡುವುದು, ಕಾಗದ ವಾಪಸು ತಂದು ಕಪಾಟಿನಲ್ಲಿಟ್ಟು ಬೀಗ ಹಾಕುವುದು ನನ್ನ ಕೆಲಸ. ಒಳಗಿನ ಮಾತು ಹೊರಗೆ ಆಡಬಾರದೆಂದು ಸೇರುವಾಗಲೇ ಸಹಿ ಹಾಕಿಸಿಕೊಂಡಿದ್ದರು.

ಗಾಜಿನ ಕಿಟಕಿಯ ಈಚೆ ಕೂತು ನಾನು ಲಿನ್‌ವುಡ್‌ನನ್ನು ನೋಡಿದೆ. ಅಂಗಿಯ ತೋಳು ಮಡಿಚಿ, ಹಿಡಿಕೆಯ ಮುಂದೆ ಕೂತು, ತಲೆಯೆತ್ತದೆ ಎಳೆಯುತ್ತಿದ್ದ. ಉಳಿದವರಲ್ಲಿ ಕೆಲವರು ಸಾವಿರಕ್ಕೆ ಎದ್ದರು, ಕೆಲವರು ಎರಡು ಸಾವಿರಕ್ಕೆ. ಲಿನ್‌ವುಡ್ ಪ್ರತಿ ಸಲವೂ ಮೂರು ಸಾವಿರ ಮುಟ್ಟಿಸುತ್ತಿದ್ದ. ಮುಗಿದ ಮೇಲೆ ಬೆರಳು ಮಡಿಚಲಾಗದೆ ರಸದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿಯುತ್ತಿದ್ದ. ನನ್ನನ್ನು ನೋಡಿದರೆ ಮುಗುಳ್ನಕ್ಕು, ಬೀದಿ ಹೇಗಿದೆ ಎಂದು ಕೇಳುತ್ತಿದ್ದ. ನಾನು ಹೆಸರೆತ್ತದಿದ್ದರೂ ಡೆಲ್ಫೀನ್ ಹೇಗಿದ್ದಾಳೆ ಎಂದೂ ಕೇಳುತ್ತಿದ್ದ. ಆ ಎರಡನೆಯ ಪ್ರಶ್ನೆಗೆ ನಾನು ಮೊದಲನೆಯದಕ್ಕಿಂತ ಚಿಕ್ಕ ಉತ್ತರ ಕೊಡುತ್ತಿದ್ದೆ.

ಇತ್ತ ಸಂಜೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಡೆಲ್ಫೀನ್ ನನ್ನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಅವನು ಏನು ತಿಂದ, ಯಾರ ಜೊತೆ ಮಾತಾಡಿದ, ನರ್ಸುಗಳಲ್ಲಿ ವಯಸ್ಸಿನವರು ಎಷ್ಟು ಜನ, ಎಲ್ಲ ಬೇಕು ಅವಳಿಗೆ. ನಾಲ್ಕು ವಾರ ನಾನು ಸಹಿ ಹಾಕಿದ ಮಾತಿಗೆ ಕಟ್ಟುಬಿದ್ದೆ. ಐದನೆಯ ವಾರದ ಶನಿವಾರ ನಾವಿಬ್ಬರೂ ನಮ್ಮ ನಮ್ಮ ಮೆಟ್ಟಿಲು ತಿಕ್ಕುತ್ತಿದ್ದೆವು. ಅವಳು ತಲೆಯೆತ್ತಿ, ತನ್ನ ಗಂಡ ಭಾನುವಾರದ ಭೇಟಿಯಲ್ಲಿ ತನ್ನ ಕೈ ಹಿಡಿದು ಅತ್ತನೆಂದು ಹೇಳಿದಳು. ಹೇಳಿ, ನಿನಗೆ ಇದೆಲ್ಲ ಹೇಗೆ ಅರ್ಥವಾಗಬೇಕು ಎಂಬಂತೆ ನನ್ನ ಬಾಗಿಲ ಕಡೆ, ಒಂಟಿ ಬಾಗಿಲ ಕಡೆ ನೋಡಿದಳು. ನನ್ನ ಒಳಗೆ ಏನೋ ಹೊತ್ತಿಕೊಂಡಿತು. ಇಪ್ಪತ್ತಾರು ವರ್ಷದಿಂದ ಬೂದಿಯಾಗಿದೆ ಎಂದುಕೊಂಡಿದ್ದ ಕಿಚ್ಚು.

"ನಿನ್ನ ಕೈ ಎಷ್ಟು ಹೊತ್ತು ಹಿಡ್ಕೊಂಡಿದ್ದ?" ಎಂದೆ. "ಅಲ್ಲಿ ಅವನು ಅದಕ್ಕೋಸ್ಕರ ಕೂತ ಕಡೆ ಮೂರು ಸಾವಿರ ಸಲ ಹಿಡಿಕೆ ಎಳೀತಾನೆ. ದಿನಾ. ತಲೆ ಕೂಡ ಎತ್ತಲ್ಲ."

ಹೇಳಬಾರದಿತ್ತು. ಹೇಳಿದಾಗ ನನಗೆ ಖುಷಿಯಾಯಿತು ಎಂಬುದನ್ನೂ ಇಲ್ಲಿ ಮುಚ್ಚಿಡುವುದಿಲ್ಲ. ಅವಳ ಕೈಯ ಉಜ್ಜುಕಲ್ಲು ನಿಂತಿತು. ಅಳತೆ ಹೇಗೆ, ಹಿಡಿಕೆ ಎಷ್ಟು ಬಿಗಿ, ಉಳಿದವರು ಎಷ್ಟಕ್ಕೆ ಎದ್ದರು ಎಂದು ಒಂದೊಂದಾಗಿ ಕೇಳಿದಳು. ನಾನು ಎಲ್ಲವನ್ನೂ ಹೇಳಿದೆ. ಅವಳ ಮೂರನೆಯ ಮೆಟ್ಟಿಲು ಅಂದು ಅರ್ಧಕ್ಕೇ ಉಳಿಯಿತು. ನಮ್ಮ ಬೀದಿಯಲ್ಲಿ ಅದು ಸತ್ತ ಮನೆಯಲ್ಲಿ ಮಾತ್ರ ಆಗುವಂಥದ್ದು.

ಆ ವಾರ ಅವಳು ಪಟ್ಟ ಮತ್ಸರವನ್ನು ಯಾವ ಹೆಂಗಸಿನ ಮೇಲೂ ಪಟ್ಟಿದ್ದನ್ನು ನಾನು ಕಂಡಿಲ್ಲ. ಇಷ್ಟು ದಿನ ಸವತಿ ಇದ್ದಾಳೆಂದು ಮಾತ್ರ ಗೊತ್ತಿತ್ತು, ಈಗ ಸವತಿಯ ಬೆಲೆಯೂ ಗೊತ್ತಾಗಿತ್ತು. ಮಾರುಕಟ್ಟೆಯಲ್ಲಿ ಮೀನು ತಿರುಗಿಸುವಾಗ ಎಣಿಸಲು ಶುರು ಮಾಡಿದಳಂತೆ. ಸಂಜೆಯವರೆಗೂ ಎಣಿಸಿದರೂ ಸಾವಿರ ದಾಟಲಿಲ್ಲವೆಂದು ಬಂದು ಹೇಳಿದಳು. ಇಪ್ಪತ್ತಾರು ವರ್ಷದ ಸಂಸಾರವನ್ನು ಆ ಹಿಡಿಕೆಗೆ ಹಚ್ಚಿ ಅಳೆಯತೊಡಗಿದಳು. ತನ್ನ ಬೆನ್ನ ಹಿಂದಿನ ಜಿಪ್ಪು ಎಳೆ ಎಂದರೆ ಅವನು ಒಂದು ಸಲ ಎಳೆದು ಅರ್ಧಕ್ಕೇ ಬಿಡುತ್ತಿದ್ದುದು, ಅಡುಗೆಮನೆಯ ಕಿಟಕಿ ಸರಿಮಾಡು ಎಂದು ಎಂಟು ವರ್ಷ ಹೇಳಿದ್ದು, ತನ್ನ ತಾಯಿ ಸತ್ತಾಗ ಅವನು ಮೂರು ಬೀದಿ ನಡೆದು ಬರಲಾರದೆ ಹೋದದ್ದು. ಆ ಹಾಳಾದವಳಿಗೆ ಮೂರು ಸಾವಿರ, ಕಟ್ಟಿಕೊಂಡವಳಿಗೆ ಒಂದು ಜಿಪ್ಪೂ ಇಲ್ಲ ಎಂದು ಹೇಳುತ್ತ ಹೇಳುತ್ತ ಅತ್ತಳು. ನಾನು ಸಮಾಧಾನ ಮಾಡಿದೆ. ಮಾಡುವಾಗಲೂ ನನ್ನ ಬಾಯಿಗೆ ಸಿಹಿಯೇ ಹತ್ತಿತ್ತು.

ಭಾನುವಾರ ಚರ್ಚು ಬಿಟ್ಟ ಮೇಲೆ ಅವಳು ಭೇಟಿಗೆ ಬಂದಳು. ನಾನು ಆ ದಿನ ಕೆಲಸದಲ್ಲಿದ್ದೆ. ಭೇಟಿಯ ಕೋಣೆಯಲ್ಲಿ ಎದುರಾಬದುರು ಕೂತರು. ತಂದಿದ್ದ ಮೀನಿನ ಪೊಟ್ಟಣವನ್ನು ಅವಳು ಬಿಚ್ಚಲಿಲ್ಲ.

"ಒಂದು ಮಾತು ಕೇಳ್ತೀನಿ, ನಿಜ ಹೇಳು," ಎಂದಳು. "ಆ ಹಿಡಿಕೆ ಎಳೆದ್ರೆ ನಾನು ಸಿಗ್ತೀನಿ ಅಂತ ಆಗಿದ್ರೆ, ಎಷ್ಟು ಎಳೀತಿದ್ದೆ?"

ಲಿನ್‌ವುಡ್‌ಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಪಾಪ, ನಗಾಡುತ್ತಿದ್ದಾಳೆ ಎಂದುಕೊಂಡ.

"ನಿನಗ್ಯಾಕೆ ಎಳೀಬೇಕು ಡೆಲ್ಫಿ? ನೀನು ಇದ್ದೇ ಇರ್ತೀಯಲ್ಲ," ಎಂದ.

ಅವನು ಒಳ್ಳೆಯದನ್ನೇ ಹೇಳಲು ಹೊರಟಿದ್ದ. ಗಂಡಸರು ಹೊಗಳಲು ಹೋಗಿ ಹೆಂಡತಿಯ ಎದೆಗೆ ಒದೆಯುವುದು ಹೀಗೆಯೇ. ಡೆಲ್ಫೀನ್ ಎದ್ದಳು, ಕೈಚೀಲ ಹೆಗಲಿಗೇರಿಸಿದಳು, ಮೀನಿನ ಪೊಟ್ಟಣವನ್ನೂ ಬಿಡದೆ ಎತ್ತಿಕೊಂಡು ಹೊರಟುಹೋದಳು. ಅಂದು ಸಂಜೆ ಅವಳ ಮನೆಯೊಳಗೆ ಕಪಾಟಿನ ಬಾಗಿಲು ಬಡಿಯುವ ಸದ್ದು ನನ್ನ ಗೋಡೆಯವರೆಗೂ ಬಂತು. ಅವನ ಬಟ್ಟೆಯನ್ನೆಲ್ಲ ಎರಡು ರಟ್ಟಿನ ಪೆಟ್ಟಿಗೆಗೆ ತುಂಬಿದ್ದಳು. ಬಿಡುಗಡೆಗೆ ಇನ್ನು ಹತ್ತು ದಿನ. ತಮ್ಮನ ಮನೆಗೇ ಹೋಗಲಿ, ಇದ್ದೇ ಇರುವವಳು ಇನ್ನಿಲ್ಲ ಎಂದು ಬೀದಿಯಲ್ಲಿ ಕೇಳಿದವರಿಗೆಲ್ಲ ಹೇಳಿದಳು.

ನಾನು ಬಯಸಿದ್ದು ಆಗಿತ್ತು. ಆದರೂ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ. ತಮ್ಮನ ಮನೆಯ ಮೆಟ್ಟಿಲು ಕಣ್ಣ ಮುಂದೆ ಬರುತ್ತಿತ್ತು. ಅವಳ ಹೊಟ್ಟೆ ಉರಿಯಲಿ ಎಂದು ನಾನು ಆಡಿದ ಮಾತಿಗೆ ಅವನು ಆ ಮೆಟ್ಟಿಲ ಮೇಲೆ ಸಾಯಬೇಕೆ ಎಂದು ನನ್ನನ್ನೇ ಬೈದುಕೊಂಡೆ. ಅದಕ್ಕಿಂತ ಹೆಚ್ಚು ನನ್ನನ್ನು ಕೊರೆದದ್ದು ಬೇರೆ. ಅವಳಿಗೆ ನಾನು ಹೇಳಿದ್ದು ಅರ್ಧ. ಹಿಡಿಕೆಯ ಅಳತೆ ಹೇಳಿದ್ದೆ, ಗೆರೆಯ ಅಳತೆ ಹೇಳಿರಲಿಲ್ಲ.

ಬುಧವಾರ ಮಧ್ಯಾಹ್ನ ಡೆಲ್ಫೀನ್ ಎರಡು ಪೆಟ್ಟಿಗೆಗಳನ್ನೂ ಹೊತ್ತುಕೊಂಡು ವಾರ್ಡಿಗೇ ಬಂದುಬಿಟ್ಟಳು. ಅವನನ್ನು ನೋಡುವುದಿಲ್ಲ, ಇವನ್ನು ಕೊಟ್ಟು ಹೋಗುತ್ತೇನೆ ಎಂದಳು. ರೋಗಿಗಳೆಲ್ಲ ಊಟಕ್ಕೆ ಹೋಗಿದ್ದರು, ಡಾಕ್ಟರು ಮೀಟಿಂಗಿನಲ್ಲಿದ್ದರು. ಪೆಟ್ಟಿಗೆ ಕೆಳಗಿಟ್ಟವಳೇ ಅವಳು ಸುತ್ತ ನೋಡಿದಳು.

"ಎಲ್ಲಿ ಅದು?" ಎಂದಳು.

ತೋರಿಸಿದೆ. ಕೆಲಸ ಹೋದರೆ ಹೋಗಲಿ ಎನ್ನಿಸಿತ್ತು. ಅವಳು ಕುರ್ಚಿ ಎಳೆದು ಕೂತು, ಹ್ಯಾಟು ತೆಗೆದು ಮಡಿಲಲ್ಲಿಟ್ಟುಕೊಂಡು, ಹಿಡಿಕೆ ಹಿಡಿದಳು. ಮೀನಿನ ಬುಟ್ಟಿ ಎತ್ತಿದ ಕೈ, ಸೋಲುವುದಿಲ್ಲ ಎಂದು ಅವಳಿಗೆ ಧೈರ್ಯ. ಮೊದಲ ಮುನ್ನೂರು ಸಲೀಸಾಗಿ ಹೋಯಿತು. ಐನೂರಕ್ಕೆ ಬಾಯಿ ಮುಚ್ಚಿದಳು. ಏಳುನೂರಕ್ಕೆ ಕೈ ಬದಲಾಯಿಸಿದಳು, ಎಂಟುನೂರಕ್ಕೆ ಮತ್ತೆ ಬದಲಾಯಿಸಿದಳು. ಕತ್ತಿನಿಂದ ಬೆವರಿಳಿದು ಕಾಲರು ಒದ್ದೆಯಾಯಿತು. ಗೋಡೆಯ ಮೇಲಿನ ಅಂಕಿ ಸಾವಿರದ ನೂರ ನಾಲ್ಕಕ್ಕೆ ಬಂದಾಗ ಅವಳ ಕೈ ತಾನಾಗಿ ಜಾರಿತು. ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. ಹೆಬ್ಬೆರಳ ಬುಡದಲ್ಲಿ ಬೊಬ್ಬೆ ಎದ್ದಿತ್ತು.

"ಇದರ ಮೂರರಷ್ಟು," ಎಂದಳು. "ಹೇಗಿರಬೇಕು ಅವಳು. ಏನು ಸುಖ ಕೊಡ್ತಾಳೆ ಅಂತ ಇಷ್ಟು ಎಳೀತಾನೆ?"

ನಾನು ಕಪಾಟಿನ ಬೀಗ ತೆಗೆದು ಲಿನ್‌ವುಡ್‌ನ ಕಾಗದಗಳನ್ನು ತಂದು ಅವಳ ಮಡಿಲಿಗೆ ಹಾಕಿದೆ. ಗೆರೆ ಎಂದರೇನು, ಎಡ ಬಲ ಎಂದರೇನು ಎಂದು ಹೇಳಿದೆ. ಮೊದಲನೆಯ ವಾರದ ಗುರುತು ಅರ್ಧ ದಾಟಿತ್ತು. ಅದನ್ನು ನೋಡಿ ಅವಳ ಮೂಗಿನ ಹೊಳ್ಳೆ ಅರಳಿತು. ಎರಡನೆಯ ವಾರದ ಗುರುತು ಎಡತುದಿಗೆ ಅಂಟಿಕೊಂಡಿತ್ತು. ಮೂರನೆಯ ವಾರವೂ ಅಲ್ಲೇ. ನಾಲ್ಕನೆಯ, ಐದನೆಯ ವಾರವೂ ಅಲ್ಲೇ. ಒಂದು ಕಾಗದದ ಅಡಿಯಲ್ಲಿ ಲಿನ್‌ವುಡ್ ತನ್ನ ಸೊಟ್ಟ ಅಕ್ಷರದಲ್ಲಿ 'ಇದರಲ್ಲಿ ಏನೂ ಇಲ್ಲ' ಎಂದೂ ಬರೆದಿದ್ದ. ಬಾಟಲಿಯಲ್ಲಿ ಬಹುಶಃ ತೀರ ತೆಳು ಮದ್ದಿತ್ತು, ಇಲ್ಲವೇ ಉಪ್ಪುನೀರು.

ಡೆಲ್ಫೀನ್ ಕಾಗದಗಳನ್ನು ಹಿಂದೆ ಮುಂದೆ ಮಾಡಿ ನೋಡಿದಳು. ಆ ವಾರಗಳಲ್ಲಿ ಎಳೆತ ಕಡಿಮೆಯಾಯಿತೇ ಎಂದು ಕೇಳಿದಳು. ಇಲ್ಲ ಎಂದೆ. ಪ್ರತಿ ದಿನವೂ ಮೂರು ಸಾವಿರ. ಅದರಲ್ಲಿ ಏನೂ ಇಲ್ಲ ಎಂದು ಬರೆದ ಮರುದಿನವೂ ಮೂರು ಸಾವಿರ.

"ಇಷ್ಟ ಇಲ್ದೇನೂ ಎಳೀತಾನಾ?"

"ಎಳೀತಾನೆ. ನಾನೇ ಕೇಳಿದೆ ಒಂದ್ಸಲ. ನನ್ನ ಕೈ ನನ್ನ ಮಾತು ಕೇಳಲ್ಲ ಒಜೆಲಾ ಅಂದ."

ಅವಳು ಬಹಳ ಹೊತ್ತು ಆ ಎಡತುದಿಯ ಗುರುತನ್ನೇ ನೋಡುತ್ತ ಕೂತಳು. ಅವಳ ಅಜ್ಜಿಯ ಅಜ್ಜಿ ಮೇರಿಲ್ಯಾಂಡಿನ ಹೊಗೆಸೊಪ್ಪಿನ ಹೊಲದಲ್ಲಿ ಗುಲಾಮಳಾಗಿ ಮಾರಾಟಕ್ಕೆ ಬಿದ್ದ ಕಪ್ಪು ಹೆಂಗಸು. ನನ್ನವಳೂ ಅಷ್ಟೆ. ನಮ್ಮ ಬೀದಿಯಲ್ಲಿ ಯಾರೂ ಅದನ್ನು ಮಾತಿಗೆ ತರುವುದಿಲ್ಲ, ತರುವ ಅಗತ್ಯವೂ ಇಲ್ಲ. ಡೆಲ್ಫೀನ್ ಕೊನೆಗೆ ಬಾಯಿ ಬಿಟ್ಟಾಗ ಅವಳ ದನಿಯಲ್ಲಿ ಕೋಪವೇ ಇರಲಿಲ್ಲ.

"ಹನ್ನೆರಡು ವರ್ಷ ಸವತಿ ಅಂದ್ಕೊಂಡಿದ್ದೆ ಕಣೇ. ಇದು ಸವತಿ ಅಲ್ಲ. ಜೀತ."

ಆಮೇಲೆ ಖಾಲಿ ಕಾಗದ ಒಂದು ಇದೆಯೇ ಎಂದು ಕೇಳಿದಳು. ಕೊಟ್ಟೆ. ಮೊಣಕಾಲ ಮೇಲೆ ಹ್ಯಾಟು, ಹ್ಯಾಟಿನ ಮೇಲೆ ಕಾಗದ ಇಟ್ಟುಕೊಂಡಳು. ಗೆರೆಯ ಮೇಲಿನ ಪ್ರಶ್ನೆಯಲ್ಲಿ ಬಾಟಲಿಯ ಅಕ್ಷರ ಬರೆಯುವ ಜಾಗದಲ್ಲಿ 'ಲಿನ್‌ವುಡ್' ಎಂದು ಬರೆದಳು. ಬೊಬ್ಬೆಯ ಕೈಯಲ್ಲಿ ಪೆನ್ಸಿಲು ನಿಲ್ಲುತ್ತಿರಲಿಲ್ಲ. ಎಡತುದಿಯ ಮೇಲೆ ಇಟ್ಟಳು. ಎತ್ತಿದಳು. ಜಿಪ್ಪು, ಕಿಟಕಿ, ತಾಯಿಯ ಸಾವು ಎಲ್ಲ ಅವಳ ಮುಖದ ಮೇಲೆ ಹಾದುಹೋಗುವುದು ನನಗೆ ಕಾಣುತ್ತಿತ್ತು. ಎಡಕ್ಕೇ ಹಾಕುತ್ತಾಳೆ ಎಂದುಕೊಂಡೆ. ಹಾಕಲಿ ಎಂದು ಆ ಗಳಿಗೆಯಲ್ಲೂ ನನ್ನ ಒಂದು ಮನಸ್ಸು ಹೇಳುತ್ತಿತ್ತು. ಅವಳು ಪೆನ್ಸಿಲನ್ನು ಬಲಕ್ಕೆ ಒಯ್ದಳು, ಗೆರೆ ಮುಗಿಯುವಲ್ಲಿಯೂ ನಿಲ್ಲಿಸಲಿಲ್ಲ. ಗೆರೆ ದಾಟಿ, ಕಾಗದದ ಖಾಲಿ ಅಂಚಿನಲ್ಲಿ ಗುರುತು ಹಾಕಿದಳು. ಹಾಕಿ, ತನ್ನ ಕೈಯನ್ನೇ ಬೈಯುವಂತೆ ನೋಡಿದಳು.

"ಥೂ, ಮರ್ಯಾದೆಗೆಟ್ಟವಳು," ಎಂದಳು. ಅವಳು ಹೇಳಿದ್ದು ತನಗೇ.

ಡಾಕ್ಟರ್ ವೈನ್‌ರಿಚ್ ಅದನ್ನು ನೋಡಿದ್ದರೆ ಲೆಕ್ಕಕ್ಕೆ ಬರುವುದಿಲ್ಲವೆಂದು ತೆಗೆದುಹಾಕುತ್ತಿದ್ದರು. ಆ ಕಾಗದವನ್ನು ಮಡಿಚಿ ನನ್ನ ಜೇಬಿಗಿಟ್ಟುಕೊಂಡಾಗ ನನಗಾದ ಹೊಟ್ಟೆಕಿಚ್ಚು ಲಿನ್‌ವುಡ್‌ನಿಗಾಗಿ ಅಲ್ಲ. ಅವನ ವಿಷಯದಲ್ಲಿ ನನ್ನ ಕಿಚ್ಚು ಅಷ್ಟಕ್ಕಷ್ಟೇ ಎಂದು ಆಗಲೇ ತಿಳಿದುಹೋಗಿತ್ತು. ನನ್ನ ಕೈಗೆ ಪೆನ್ಸಿಲು ಕೊಟ್ಟು, ಯಾರ ಹೆಸರು ಬರೆಯುತ್ತೀ, ಎಲ್ಲಿ ಗುರುತು ಹಾಕುತ್ತೀ ಎಂದು ಕೇಳಿದರೆ ನಾನು ಗೆರೆಯ ನಡುವೆ ಎಲ್ಲೋ ಸಭ್ಯವಾಗಿ ಹಾಕುವವಳು. ಅವಳಂತೆ ಅಂಚಿಗೆ ಹೋಗಲು ನನಗೆ ಯಾರೂ ಇರಲಿಲ್ಲ. ಅದಕ್ಕೆ ಉರಿದೆ, ಉರಿಯುತ್ತಲೇ ಅವಳ ಒಂದು ಪೆಟ್ಟಿಗೆಯನ್ನು ನಾನು ಹೊತ್ತು, ಇನ್ನೊಂದನ್ನು ಅವಳು ಹೊತ್ತು, ಬಸ್ಸಿನವರೆಗೆ ನಡೆದೆವು. ಪೆಟ್ಟಿಗೆಗಳು ಬಂದ ಮನೆಗೇ ವಾಪಸು ಹೋದವು.

ಲಿನ್‌ವುಡ್ ಆಮೇಲೆ ಬಿಟ್ಟನೇ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ವರ್ಷವೇ ಎರಡು ಸಲ ಜಾರಿದ. ಡೆಲ್ಫೀನ್ ಆಗ 'ಅವಳ ಮನೆಗೆ ಹೋದ' ಎನ್ನಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ತೋಳು ಹಿಡಿದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ, ಅವರು ಕೊಡುವ, ಚಟದ ಬಯಕೆ ತಡೆಯುವ ದ್ರವ ಔಷಧವನ್ನು ಅವನು ನುಂಗುವವರೆಗೂ ಬಾಯಿಯನ್ನೇ ನೋಡುತ್ತ ನಿಂತಳು. ಮೂರನೆಯ ಸಲ ಜಾರಿದ್ದನ್ನು ನಾನಂತೂ ಕಂಡಿಲ್ಲ.

ಆದರೆ ಬಿಡುಗಡೆಯ ಬೆಳಿಗ್ಗೆಯನ್ನು ನಾನು ಹೇಳಲೇಬೇಕು. ಹಿಂದಿನ ಸಂಜೆ ಅವನ ನೀಲಿ ಅಂಗಿಯಲ್ಲಿ ಒಂದು ಗುಂಡಿ ಇಲ್ಲದ್ದನ್ನು ನೋಡಿ ನಾನು ಹೊಲಿದುಕೊಟ್ಟಿದ್ದೆ. ಯಾರೂ ಹೇಳಿರಲಿಲ್ಲ, ನನ್ನ ಕೆಲಸವೂ ಅಲ್ಲ. ಡೆಲ್ಫೀನ್ ಚರ್ಚಿನ ಹ್ಯಾಟು ಹಾಕಿಕೊಂಡು ವಾರ್ಡಿನ ಬಾಗಿಲಿಗೆ ಬಂದಳು. ಅವನು ಹೊರಬಂದು ಅವಳ ಮುಂದೆ ತಲೆ ತಗ್ಗಿಸಿ ನಿಂತ. ಮನೆಗೆ ಹೋಗೋಣ ನಡಿ ಎಂದು ಅವಳು ಅವನ ಕಾಲರು ಸರಿಮಾಡಿದಳು. ಅವಳ ಬೆರಳು ಎದೆಯ ಎರಡನೆಯ ಗುಂಡಿಯ ಹತ್ತಿರ ನಿಂತಿತು. ಉಳಿದ ಗುಂಡಿಗಳಿಗೆ ಬಿಳಿ ದಾರ, ಅದಕ್ಕೊಂದಕ್ಕೆ ಕಪ್ಪು ದಾರ.

"ಇದು ಯಾರು ಹಾಕಿದ್ದು?" ಎಂದಳು.

ಒಜೆಲಾ ಹಾಕಿಕೊಟ್ಟಳೆಂದು ಆ ಪೆದ್ದ ನಿಜ ಹೇಳಿದ. ಡೆಲ್ಫೀನ್ ನಿಧಾನವಾಗಿ ನನ್ನ ಕಡೆ ತಿರುಗಿದಳು. ಕಾಲಿನಿಂದ ಹಿಡಿದು ತಲೆಯವರೆಗೆ ನೋಡಿದಳು, ಮತ್ತೆ ತಲೆಯಿಂದ ಕಾಲಿನವರೆಗೆ.

"ನಮ್ಮನೇಲಿ ಸೂಜಿ ದಾರ ಇದೆ, ಒಜೆಲಾ," ಎಂದಳು.

ಅವನ ತೋಳು ಹಿಡಿದು ಎಳೆದುಕೊಂಡು ಹೊರಟಳು. ಆಮೇಲೆ ಒಂದು ತಿಂಗಳು ಶನಿವಾರ ಎರಡು ಬಾಗಿಲ ಅಂತರದಲ್ಲಿ ಮೊಣಕಾಲೂರಿ ಮೆಟ್ಟಿಲು ತಿಕ್ಕುವಾಗಲೂ ನನ್ನ ಜೊತೆ ಮಾತಾಡಲಿಲ್ಲ. ನಾನು ಹತ್ತಿರ ಸುಳಿದರೆ ಲಿನ್‌ವುಡ್‌ನನ್ನು ಒಳಗೆ ಕರೆಯುತ್ತಿದ್ದಳು. ಇಪ್ಪತ್ತಾರು ವರ್ಷ ಊರಿನ ಹೆಂಗಸರನ್ನೆಲ್ಲ ಅನುಮಾನದಿಂದ ಕಂಡ ಡೆಲ್ಫೀನ್, ದಿನಾ ತನ್ನ ಕಣ್ಣೆದುರಿಗಿದ್ದ ನನ್ನನ್ನು ಮಾತ್ರ ಒಂದು ದಿನವೂ ಅನುಮಾನಕ್ಕೆ ತಕ್ಕವಳೆಂದು ಎಣಿಸಿರಲಿಲ್ಲ. ಆ ಬೆಳಿಗ್ಗೆ ಮೊದಲ ಸಲ ಎಣಿಸಿದಳು. ಅವರು ಹೊರಟ ಮೇಲೆ ವಾರ್ಡಿನ ಬಾಗಿಲು ಮುಚ್ಚಿ, ಸಿಂಕಿನ ಹತ್ತಿರ ಹೋಗಿ, ನಲ್ಲಿ ಬಿಟ್ಟು ಸದ್ದು ಮಾಡಿಕೊಂಡು, ನಾನು ಖುಷಿಗೆ ಅತ್ತೆ.